ಗೆರೆ ಹಾಕಿದ ಪುಟಕ್ಕೆ ದುಡ್ಡು ಯಾರು ಕೊಡುತ್ತಾರೆ?

ನನ್ನ ಮೇಜಿನ ಮೇಲೆ 108 ಪುಟದ ಒಂದು ಪುಸ್ತಕ ಇದೆ. ಅದರಲ್ಲಿ ಓದಲು ಹತ್ತು ಸಾಲು ಕೂಡ ಸಿಗುವುದಿಲ್ಲ. ಇರುವುದೆಲ್ಲ ಗೆರೆ, ಚೌಕ, ತಾರೀಖು ಬರೆಯಲು ಜಾಗ. ದಿನಾ ಬಿ.ಪಿ. ನೋಡಿ ಬರೆದಿಡಬೇಕಾದವರಿಗಾಗಿ ನಾನೇ ಮಾಡಿದ್ದು ಅದು.

ಇಂಥವನ್ನು ಲೋ-ಕಂಟೆಂಟ್ ಪುಸ್ತಕ ಅನ್ನುತ್ತಾರೆ. ಬರೆದವರ ಮಾತು ಕಡಿಮೆ, ಕೊಂಡವರು ತುಂಬಿಸಬೇಕಾದ ಜಾಗ ಜಾಸ್ತಿ. ಹೆಚ್ಚಿನ ಪುಟಗಳು ಒಂದರಂತೆ ಒಂದು ಇರುತ್ತವೆ. ನೋಟ್‌ಬುಕ್, ಡೈರಿ, ಪ್ಲಾನರ್, ಖರ್ಚಿನ ಲೆಕ್ಕದ ಪುಸ್ತಕ, ವ್ಯಾಯಾಮದ ದಾಖಲೆ, ಗಾಡಿಯ ಸರ್ವಿಸ್ ಬರೆದಿಡುವ ಪುಸ್ತಕ, ಎಲ್ಲವೂ ಈ ಗುಂಪಿಗೆ ಬರುತ್ತವೆ. ಬಣ್ಣ ತುಂಬುವ ಪುಸ್ತಕ, ಪದಬಂಧ, ಒಗಟಿನ ಪುಸ್ತಕಗಳನ್ನು ಸಾಮಾನ್ಯವಾಗಿ ಇದಕ್ಕೆ ಸೇರಿಸುವುದಿಲ್ಲ. ಅವುಗಳಲ್ಲಿ ಪ್ರತಿ ಪುಟವೂ ಬೇರೆ, ಕೆಲಸವೂ ಬೇರೆ.

ಇಂಥ ಪುಸ್ತಕವನ್ನು ಆನ್‌ಲೈನ್‌ನಲ್ಲಿ ಪ್ರಕಟಿಸಿ ಹಣ ಮಾಡಬಹುದು ಅನ್ನುವುದು ನಿಜ. ಸುಮ್ನೆ ಕೂತರೂ ತಿಂಗಳು ತಿಂಗಳು ದುಡ್ಡು ಬಂದು ಬೀಳುತ್ತದೆ ಅನ್ನುವುದನ್ನು ಮಾತ್ರ ನಂಬಬೇಡಿ. ಖಾಲಿ ಪುಟ ಎಲ್ಲಿ ಬೇಕಾದರೂ ಸಿಗುತ್ತದೆ. ಯಾರಿಗೆ, ಯಾವ ಹೊತ್ತಿನಲ್ಲಿ, ಏನನ್ನು ಬರೆದಿಡಬೇಕಾಗುತ್ತದೆ ಅಂತ ಕೂತು ಯೋಚಿಸಿದವರ ಪುಟಕ್ಕೆ ಜನ ದುಡ್ಡು ಕೊಡುತ್ತಾರೆ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನ ಲೆಕ್ಕಾಚಾರವೆಲ್ಲ ಅರ್ಥವಾಗುತ್ತದೆ.

ಒಂದೇ ಪ್ರತಿ ಅಚ್ಚು ಹಾಕುವ ವ್ಯವಸ್ಥೆ

ಹಿಂದೆಲ್ಲ ಪುಸ್ತಕ ಮಾಡಬೇಕೆಂದರೆ ಸಾವಿರ ಪ್ರತಿ ಅಚ್ಚು ಹಾಕಿಸಬೇಕಿತ್ತು. ಮೊದಲೇ ದುಡ್ಡು ಸುರಿಯಬೇಕು, ಕಟ್ಟುಗಳನ್ನು ಮನೆಯಲ್ಲಿ ಪೇರಿಸಬೇಕು, ಹೋಗದೆ ಉಳಿದರೆ ನಷ್ಟ ನಮ್ಮದೇ. ಪ್ರಿಂಟ್ ಆನ್ ಡಿಮ್ಯಾಂಡ್ ಬಂದ ಮೇಲೆ ಇದು ತಲೆಕೆಳಗಾಯಿತು. ಈಗ ಯಾರೋ ಒಬ್ಬರು ಆರ್ಡರ್ ಮಾಡಿದ ಮೇಲೆಯೇ ಆ ಒಂದು ಪ್ರತಿ ಅಚ್ಚಾಗುತ್ತದೆ. ಅಚ್ಚಾದ ಪ್ರತಿ ನೇರವಾಗಿ ಅವರ ಮನೆಗೆ ಹೋಗುತ್ತದೆ. ಮುದ್ರಣದ ಖರ್ಚು ಕಳೆದು ಉಳಿದ ಪಾಲು ನಮಗೆ ಬರುತ್ತದೆ.

ಈ ವ್ಯಾಪಾರದ ಬಹುಪಾಲು ನಡೆಯುವುದು ಅಮೆಜಾನ್‌ನ ಕಿಂಡಲ್ ಡೈರೆಕ್ಟ್ ಪಬ್ಲಿಷಿಂಗ್‌ನಲ್ಲಿ. ಚಿಕ್ಕದಾಗಿ ಕೆಡಿಪಿ. 2007ರಲ್ಲಿ ಇ-ಪುಸ್ತಕ ಓದುವ ಕಿಂಡಲ್ ಸಾಧನದ ಜೊತೆಗೆ ಅದು ಶುರುವಾದಾಗ ಇದ್ದದ್ದು ಇ-ಪುಸ್ತಕ ಮಾತ್ರ. ಕಾಗದದ ಪುಸ್ತಕಕ್ಕೆ ಕ್ರಿಯೇಟ್‌ಸ್ಪೇಸ್ ಅನ್ನುವ ಬೇರೆ ಅಂಗ ಇತ್ತು. 2018ರಲ್ಲಿ ಅದನ್ನೂ ಕೆಡಿಪಿಯೊಳಗೆ ಸೇರಿಸಿದರು. ಲುಲು ಅನ್ನುವ ಇನ್ನೊಂದು ಸಂಸ್ಥೆ 2002ರಿಂದ ಇದೆ. ಕೆಡಿಪಿಯಲ್ಲಿ ಸಿಗದ ಸ್ಪೈರಲ್ ಬೈಂಡಿಂಗ್ ಅಲ್ಲಿ ಸಿಗುತ್ತದೆ. ಆದರೆ ಕೊಳ್ಳುವ ಜನಜಂಗುಳಿ ಇರುವುದು ಅಮೆಜಾನ್‌ನಲ್ಲಿ. ಹಾಗಾಗಿ ಇಲ್ಲಿ ಅದರದೇ ಲೆಕ್ಕ ಹೇಳುತ್ತೇನೆ.

ಖಾತೆ ತೆರೆಯಲು ದುಡ್ಡಿಲ್ಲ. ಎರಡು ಪಿಡಿಎಫ್ ಬೇಕು. ಒಂದು ಒಳಪುಟಗಳದ್ದು, ಇನ್ನೊಂದು ಹೊದಿಕೆಯದ್ದು. ಹೆಸರು, ವಿವರಣೆ, ಬೆಲೆ ತುಂಬಿಸಿ ಕಳಿಸಿದರೆ ಸಾಮಾನ್ಯವಾಗಿ 72 ಗಂಟೆಯೊಳಗೆ ಪರಿಶೀಲನೆ ಮುಗಿದು ಪುಸ್ತಕ ಮಾರಾಟಕ್ಕೆ ಬರುತ್ತದೆ.

ಇಷ್ಟು ಸುಲಭ ಆದ್ದರಿಂದಲೇ ಇಲ್ಲಿ ವಿಪರೀತ ನೂಕುನುಗ್ಗಲು. 2023ರ ಸೆಪ್ಟೆಂಬರ್‌ನಲ್ಲಿ ಕೆಡಿಪಿ ಒಂದು ಮಿತಿ ತಂದಿತು. ಒಬ್ಬರು ದಿನಕ್ಕೆ ಮೂರಕ್ಕಿಂತ ಹೆಚ್ಚು ಹೊಸ ಪುಸ್ತಕ ಸೇರಿಸುವಂತಿಲ್ಲ. ದಿನಕ್ಕೆ ಮೂರು! ಇಂಥ ಮಿತಿ ಹಾಕಬೇಕಾಯಿತು ಅಂದರೆ ಅಲ್ಲಿ ಬಂದು ಬೀಳುತ್ತಿರುವ ರಾಶಿ ಎಂಥದ್ದು ಅಂತ ಊಹಿಸಿ. ಬರೀ ಗೆರೆ ಹಾಕಿ, ಮೇಲೊಂದು ಹೂವಿನ ಚಿತ್ರ ಅಂಟಿಸಿದ ನೋಟ್‌ಬುಕ್ ಆ ರಾಶಿಯ ತಳ ಸೇರುತ್ತದೆ. ಅದನ್ನು ಹುಡುಕಿಕೊಂಡು ಬರಲು ಯಾರಿಗೂ ಕಾರಣ ಇರುವುದಿಲ್ಲ.

ಕೈಗೆ ಬರುವುದೆಷ್ಟು

ಹೆಚ್ಚಿನವರು ಈ ಲೆಕ್ಕ ಹಾಕದೇ ಶುರು ಮಾಡುತ್ತಾರೆ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಅಮೆರಿಕದ ಅಮೆಜಾನ್‌ನಲ್ಲಿ, ಕಪ್ಪು ಶಾಯಿಯ ಮಾಮೂಲಿ ಅಳತೆಯ ಪೇಪರ್‌ಬ್ಯಾಕ್ ತೆಗೆದುಕೊಳ್ಳಿ. ಪುಟ 24ರಿಂದ 108ರ ನಡುವೆ ಇದ್ದರೆ ಮುದ್ರಣ ಖರ್ಚು ಒಂದೇ: 2.30 ಡಾಲರ್. 110 ಪುಟ ಆದಲ್ಲಿಂದ ಲೆಕ್ಕ ಬದಲಾಗುತ್ತದೆ. ಒಂದು ಡಾಲರ್ ಮೂಲ ಖರ್ಚು, ಅದರ ಮೇಲೆ ಪುಟಕ್ಕೆ 0.012 ಡಾಲರ್.

ಇದರಲ್ಲೇ ಒಂದು ಉಪಯೋಗದ ವಿಷಯ ಇದೆ. 60 ಪುಟದ ಪುಸ್ತಕ ಮಾಡಿದರೂ 2.30, 108 ಪುಟದ್ದು ಮಾಡಿದರೂ 2.30. ಅಂದಮೇಲೆ ಕೊಳ್ಳುವವರಿಗೆ 48 ಪುಟ ಕಡಿಮೆ ಕೊಟ್ಟು ನಮಗೆ ಒಂದು ಪೈಸೆಯೂ ಉಳಿಯುವುದಿಲ್ಲ. ನನ್ನ ಪುಸ್ತಕ 108 ಪುಟ ಆಗಿದ್ದು ಹೀಗೆ.

ಈಗ ರಾಯಲ್ಟಿ, ಅಂದರೆ ಮಾರಾಟದಲ್ಲಿ ನಮ್ಮ ಪಾಲು. ಬಹಳ ವರ್ಷ ಇದು ಬೆಲೆಯ ಶೇಕಡ 60 ಇತ್ತು. ಆ 60ರಿಂದ ಮುದ್ರಣ ಖರ್ಚು ಕಳೆದು ಉಳಿದದ್ದು ನಮ್ಮದು. 2025ರ ಜೂನ್ 10ರಿಂದ ಈ ನಿಯಮ ಬದಲಾಯಿತು. ಬೆಲೆ 9.99 ಡಾಲರ್‌ಗಿಂತ ಕಡಿಮೆ ಇದ್ದರೆ ಶೇಕಡ 50, 9.99 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮೊದಲಿನಂತೆ 60. ಲೋ-ಕಂಟೆಂಟ್ ಪುಸ್ತಕಗಳು ಹೆಚ್ಚಾಗಿ 6, 7 ಡಾಲರ್‌ಗೆ ಹೋಗುವಂಥವು. ಹಾಗಾಗಿ ಈ ಏಟು ನೇರವಾಗಿ ಬಿದ್ದದ್ದು ಇವುಗಳಿಗೇ.

108 ಪುಟದ ಪುಸ್ತಕಕ್ಕೆ 6.99 ಬೆಲೆ ಇಟ್ಟರೆ ಅರ್ಧ ಅಂದರೆ ಸುಮಾರು 3.49. ಅದರಲ್ಲಿ 2.30 ಮುದ್ರಣಕ್ಕೆ ಹೋದರೆ ಉಳಿಯುವುದು 1.19 ಡಾಲರ್. ಹಳೆಯ ನಿಯಮದಲ್ಲಿ ಇದೇ ಪುಸ್ತಕಕ್ಕೆ 1.89 ಬರುತ್ತಿತ್ತು. ಬೇಗ ಹೋಗಲಿ ಅಂತ ಬೆಲೆಯನ್ನು 4.99ಕ್ಕೆ ಇಳಿಸಿದಿರೋ, ಕೈಗೆ 19 ಸೆಂಟ್. ಅಷ್ಟೇ.

ಇನ್ನು ಮೇಲ್ಗಡೆ ನೋಡಿ. 9.98 ಬೆಲೆ ಇಟ್ಟರೆ 2.69 ಡಾಲರ್ ಬರುತ್ತದೆ. 9.99 ಇಟ್ಟರೆ 3.69. ಬೆಲೆಯಲ್ಲಿ ಒಂದು ಸೆಂಟ್ ವ್ಯತ್ಯಾಸ, ಕೈಗೆ ಬರುವುದರಲ್ಲಿ ಒಂದು ಡಾಲರ್ ವ್ಯತ್ಯಾಸ. ಹಾಗಾದರೆ ಎಲ್ಲದಕ್ಕೂ 9.99 ಇಟ್ಟುಬಿಡಬಹುದಲ್ವಾ? ಇಡಬಹುದು. ಆದರೆ ಸಾದಾ ಗೆರೆಯ ನೋಟ್‌ಬುಕ್‌ಗೆ ಯಾರೂ ಅಷ್ಟು ಕೊಡುವುದಿಲ್ಲ. ಒಂದು ನಿರ್ದಿಷ್ಟ ಕೆಲಸವನ್ನು ಚೆನ್ನಾಗಿ ಮಾಡಿಕೊಡುವ ಪುಸ್ತಕಕ್ಕೆ ಕೊಡುತ್ತಾರೆ. ಹೊಸ ನಿಯಮ ನಮ್ಮನ್ನು ಅದೇ ದಾರಿಗೆ ತಳ್ಳುತ್ತಿದೆ. ಅಗ್ಗದ ಹತ್ತು ಪುಸ್ತಕಕ್ಕಿಂತ ಯೋಚಿಸಿ ಮಾಡಿದ ಒಂದು ಪುಸ್ತಕ ಮೇಲು ಅನ್ನುವುದು ಈಗ ಬರೀ ಬುದ್ಧಿಮಾತಲ್ಲ, ಲೆಕ್ಕವೇ ಹಾಗೆ ಹೇಳುತ್ತದೆ.

ತಿಂಗಳ ಲೆಕ್ಕವನ್ನೂ ಹಾಕಿ ನೋಡೋಣ. ಹತ್ತು ಪುಸ್ತಕ ಇವೆ, ಪ್ರತಿಯೊಂದೂ ತಿಂಗಳಿಗೆ ಮೂರು ಪ್ರತಿ ಹೋಗುತ್ತವೆ ಅಂದುಕೊಳ್ಳಿ. 6.99ರ ಬೆಲೆಯಲ್ಲಿ ಒಟ್ಟು 35.70 ಡಾಲರ್. 9.99ರಲ್ಲಿ 110.70. ಇದು ತೆರಿಗೆಗೆ ಮುಂಚಿನ ಲೆಕ್ಕ. ಕೆಲಸ ಬಿಟ್ಟು ಇದನ್ನೇ ನಂಬಿ ಕೂರುವಷ್ಟು ಅಲ್ಲ. ಹಾಗಂತ ಕಡೆಗಣಿಸುವಷ್ಟು ಕಡಿಮೆಯೂ ಅಲ್ಲ.

ದುಡ್ಡು ಕೈಸೇರುವುದು ಕೂಡ ತಡ. ಜನವರಿಯಲ್ಲಿ ಮಾರಿದ್ದರ ರಾಯಲ್ಟಿ ಮಾರ್ಚ್ ಕೊನೆಯ ಹೊತ್ತಿಗೆ ಬರುತ್ತದೆ. ತಿಂಗಳು ಮುಗಿದ ಮೇಲೆ ಸುಮಾರು 60 ದಿನ ಕಾಯಬೇಕು.

ಬೇಕಾಗಿರುವುದು ಯಾರಿಗೆ

ನನ್ನ ಪುಸ್ತಕ ಹುಟ್ಟಿದ್ದು ಮಾರಬೇಕು ಅಂತ ಅಲ್ಲ. ಮನೆಯಲ್ಲಿ ಹಿರಿಯರೊಬ್ಬರ ಬಿ.ಪಿ.ಯನ್ನು ಬೆಳಿಗ್ಗೆ, ಸಂಜೆ ನೋಡಿ ಬರೆದಿಡಬೇಕಾಗಿ ಬಂತು. ಸಿಕ್ಕ ಸಿಕ್ಕ ಚೀಟಿಯಲ್ಲಿ ಬರೆದೆ, ಕ್ಯಾಲೆಂಡರ್ ಹಿಂದೆ ಬರೆದೆ. ಡಾಕ್ಟರ್ ಹತ್ತಿರ ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ಮಾತ್ರೆ ಬದಲಾಯಿಸಿದ ಮೇಲೆ ಹೇಗಿದೆ? ನನ್ನ ಹತ್ತಿರ ಅಂಕಿ ಇತ್ತು, ಉತ್ತರ ಇರಲಿಲ್ಲ. ಮಾತ್ರೆ ಬದಲಾದ ದಿನವನ್ನು ಎಲ್ಲೂ ಗುರುತು ಮಾಡಿರಲಿಲ್ಲ. ಮನೆಯಿಂದ ಹೊರಡುವಾಗ ನೆನಪಿದ್ದ ಎರಡು ಪ್ರಶ್ನೆಗಳೂ ಅಲ್ಲಿ ಕೂತಾಗ ಮರೆತುಹೋಗಿದ್ದವು.

ಪುಸ್ತಕ ಅಂದರೆ ಅಷ್ಟೇ. ಅಂಕಿ ಬರೆಯಲು ಒಂದು ಕಡೆ ಜಾಗ, ಅದರ ಎದುರಿಗೇ ಡಾಕ್ಟರನ್ನು ಕೇಳಬೇಕಾದ್ದು ಬರೆಯಲು ಜಾಗ, ಮಾತ್ರೆ ಬದಲಾದರೆ ಗುರುತು ಮಾಡಲು ಒಂದು ಚೌಕ.

ನಿಮಗೂ ಇಂಥದ್ದು ಒಂದಾದರೂ ಗೊತ್ತಿರುತ್ತದೆ. ಜೇನು ಸಾಕುವವರು ಪ್ರತಿ ಪೆಟ್ಟಿಗೆಯನ್ನು ತೆರೆದಾಗ ಏನೇನು ನೋಡುತ್ತಾರೆ? ಹೊಲಿಗೆ ಕೆಲಸದವರು ಒಬ್ಬ ಗಿರಾಕಿಯ ಅಳತೆಯಲ್ಲಿ ಏನೇನು ಬರೆದುಕೊಳ್ಳುತ್ತಾರೆ? ಹಸುಗೂಸಿನ ತಾಯಿ ರಾತ್ರಿ ಮೂರು ಗಂಟೆಗೆ ನಿದ್ದೆಗಣ್ಣಲ್ಲಿ ಏನನ್ನು ನೆನಪಿಡಬೇಕು? ಆ ಕೆಲಸ ಮಾಡಿದವರಿಗೆ ಇದು ಗೊತ್ತು. ಮಾಡದವರು ಊಹೆಯ ಮೇಲೆ ಮಾಡಿದ ಪುಸ್ತಕ ಎರಡೇ ದಿನದಲ್ಲಿ ಸಿಕ್ಕಿಬೀಳುತ್ತದೆ.

ಬೇಡಿಕೆ ಇದೆಯೋ ಇಲ್ಲವೋ ನೋಡುವುದು ಕಷ್ಟವಲ್ಲ. ಅಮೆಜಾನ್‌ನ ಹುಡುಕುವ ಜಾಗದಲ್ಲಿ ಎರಡು ಪದ ಟೈಪ್ ಮಾಡಿ ನಿಲ್ಲಿಸಿ. ಕೆಳಗೆ ತಾನಾಗಿ ಬರುವ ಸಾಲುಗಳು ಜನ ನಿಜವಾಗಿ ಹುಡುಕುವ ಮಾತುಗಳ ಸುಳಿವು ಕೊಡುತ್ತವೆ. ಆಮೇಲೆ ಸಿಕ್ಕ ಪುಸ್ತಕಗಳ ಪುಟದಲ್ಲಿ ಬೆಸ್ಟ್ ಸೆಲ್ಲರ್ಸ್ ರ‍್ಯಾಂಕ್ ನೋಡಿ. ಅಂಕಿ ಚಿಕ್ಕದಿದ್ದಷ್ಟೂ ಮಾರಾಟ ಜಾಸ್ತಿ. ಒಂದು ದಿನ ನೋಡಿ ತೀರ್ಮಾನ ಮಾಡಬೇಡಿ. ಒಂದೇ ಒಂದು ಪ್ರತಿ ಹೋದರೂ ಆ ಅಂಕಿ ದೊಡ್ಡ ಜಿಗಿತ ಜಿಗಿಯುತ್ತದೆ. ಎರಡು ವಾರ ದಿನಾ ಬರೆದಿಟ್ಟು ನೋಡಿದರೆ ನಿಜ ಏನು ಅಂತ ತಿಳಿಯುತ್ತದೆ.

ಇದಕ್ಕಿಂತ ಹೆಚ್ಚು ಕಲಿಸುವುದು ಒಂದು, ಎರಡು, ಮೂರು ಸ್ಟಾರ್ ಕೊಟ್ಟವರ ಅಭಿಪ್ರಾಯಗಳು. ಐದು ಸ್ಟಾರ್ ಕೊಟ್ಟವರು ಚೆನ್ನಾಗಿದೆ ಅಂದು ಹೋಗುತ್ತಾರೆ. ಸಿಟ್ಟಾದವರು ಕಾರಣ ಹೇಳುತ್ತಾರೆ. ಬರೆಯಲು ಜಾಗ ಸಾಲಲ್ಲ, ಅಕ್ಷರ ಚಿಕ್ಕದು, ಪುಸ್ತಕ ಬಿಚ್ಚಿ ಇಟ್ಟರೆ ಮಡಚಿಕೊಳ್ಳುತ್ತದೆ, ಶಾಯಿ ಹಿಂದಿನ ಪುಟಕ್ಕೆ ಇಳಿಯುತ್ತದೆ. ಈ ದೂರುಗಳಲ್ಲಿ ಕೆಲವನ್ನು ನಾವು ಸರಿಮಾಡಬಹುದು. ಕೆಲವನ್ನು ಆಗುವುದಿಲ್ಲ. ಕೆಡಿಪಿಯ ಪೇಪರ್‌ಬ್ಯಾಕ್ ಅಂಟು ಹಾಕಿದ ಬೈಂಡಿಂಗ್. ಅದು ಪೂರ್ತಿ ಚಪ್ಪಟೆಯಾಗಿ ಬಿಚ್ಚಿಕೊಳ್ಳುವುದಿಲ್ಲ. ಚಪ್ಪಟೆ ಕೂರಲೇಬೇಕಾದಂಥ ಪುಸ್ತಕ ನಿಮ್ಮ ಮನಸ್ಸಿನಲ್ಲಿದ್ದರೆ ಆ ಜಾಗ ನಿಮ್ಮದಲ್ಲ.

ಮಾಡುವಾಗ ಎಡವುವ ಜಾಗಗಳು

ಬಿ.ಪಿ. ಪುಸ್ತಕಕ್ಕೆ 6 ಇಂಚು ಅಗಲ, 9 ಇಂಚು ಎತ್ತರದ ಅಳತೆ ಆರಿಸಿದೆ. ವರ್ಷಕ್ಕೆ 52 ವಾರ. ವಾರಕ್ಕೆ ಎರಡು ಪುಟ: ಎಡಕ್ಕೆ ಅಂಕಿ, ಬಲಕ್ಕೆ ಪ್ರಶ್ನೆಗಳು. ಅಲ್ಲಿಗೆ 104 ಪುಟ. ಮುಂದೆ ನಾಲ್ಕು ಪುಟ ಹೆಸರು, ಮಾತ್ರೆಗಳ ಪಟ್ಟಿ, ಅಲರ್ಜಿ, ತುರ್ತು ನಂಬರ್‌ಗಳಿಗೆ. ಸರಿಯಾಗಿ 108. ಬಹಳ ಖುಷಿಯಾಯಿತು.

ಮಾರಾಟಕ್ಕೆ ಮುಂಚೆ ತಪ್ಪು ನೋಡಿಕೊಳ್ಳುವ ಪ್ರೂಫ್ ಪ್ರತಿ ತರಿಸಿಕೊಂಡೆ. ಹೊದಿಕೆಯ ಮೇಲೆ ಮಾರಾಟಕ್ಕಲ್ಲ ಅನ್ನುವ ಅಡ್ಡಪಟ್ಟಿ ಇರುವ ಈ ಪ್ರತಿಯನ್ನು ಮುದ್ರಣ ಖರ್ಚು ಮತ್ತು ಸಾಗಣೆ ಕೊಟ್ಟು ತರಿಸಬಹುದು. ಬಿಚ್ಚಿ ನೋಡಿದರೆ ಎದೆ ಧಸಕ್ ಅಂದಿತು. ಅಂಕಿಯ ಪುಟ ಬಲಗಡೆ ಇತ್ತು. ಅದರ ಪ್ರಶ್ನೆಗಳ ಪುಟ ಹಾಳೆಯ ಹಿಂದೆ ಹೋಗಿತ್ತು.

ತಪ್ಪು ಎಲ್ಲಾಯಿತು ಅಂದರೆ ಎಣಿಕೆಯಲ್ಲಿ. ಪುಸ್ತಕದ ಮೊದಲ ಪುಟ ಯಾವಾಗಲೂ ಬಲಗಡೆ ಬರುತ್ತದೆ. ಬೆಸ ಸಂಖ್ಯೆ ಬಲಕ್ಕೆ, ಸಮ ಸಂಖ್ಯೆ ಎಡಕ್ಕೆ. ಮುಂದೆ ನಾಲ್ಕು ಪುಟ ಇಟ್ಟರೆ ವಾರದ ಅಂಕಿ ಐದನೇ ಪುಟಕ್ಕೆ, ಅಂದರೆ ಬಲಕ್ಕೆ ಹೋಗುತ್ತದೆ. ಸ್ಕ್ರೀನ್ ಮೇಲೆ ಒಂದರ ಕೆಳಗೊಂದು ಪುಟ ನೋಡುವಾಗ ಇದು ಕಣ್ಣಿಗೇ ಬೀಳುವುದಿಲ್ಲ. ಪರಿಹಾರ ಸುಲಭ ಇತ್ತು. ಮುಂದಿನ ನಾಲ್ಕನ್ನು ಮೂರು ಮಾಡಿದೆ. ವಾರಗಳು 4ನೇ ಪುಟದಿಂದ ಶುರುವಾಗಿ 107ಕ್ಕೆ ಮುಗಿದವು. ಕೊನೆಯಲ್ಲಿ 108ನೇ ಪುಟ ಖಾಲಿ ಉಳಿಯಿತು. ಅದರ ಮಾತಿಗೆ ಆಮೇಲೆ ಬರುತ್ತೇನೆ.

ಅದೇ ಪ್ರೂಫ್‌ನಲ್ಲಿ ಇನ್ನೂ ಎರಡು ತಪ್ಪು ಸಿಕ್ಕವು. ಗೆರೆ ನಾಜೂಕಾಗಿ ಕಾಣಲಿ ಅಂತ ತೀರಾ ತೆಳ್ಳಗೆ ಹಾಕಿದ್ದೆ. ಅಚ್ಚಿನಲ್ಲಿ ಅಲ್ಲಲ್ಲಿ ಅಳಿಸಿಹೋಗಿತ್ತು. ಕೆಡಿಪಿ ಕೇಳುವುದು ಕನಿಷ್ಠ 0.75 ಪಾಯಿಂಟ್ ದಪ್ಪ. ಗೆರೆ ಕಣ್ಣಿಗೆ ಚುಚ್ಚಬಾರದು ಅಂದರೆ ತೆಳ್ಳಗೆ ಮಾಡುವ ಬದಲು ಬೂದು ಬಣ್ಣಕ್ಕೆ ಇಳಿಸಿ. ಬೂದು ಅಂದರೂ ಅದು ಕಪ್ಪು ಶಾಯಿಯೇ, ಖರ್ಚು ಏರುವುದಿಲ್ಲ. ಆದರೆ ಒಂದೇ ಒಂದು ಪುಟಕ್ಕೆ ನಿಜವಾದ ಬಣ್ಣ ಬೇಕು ಅಂದಿರೋ, ಇಡೀ ಪುಸ್ತಕಕ್ಕೆ ಬಣ್ಣದ ಮುದ್ರಣದ ದರ ಬೀಳುತ್ತದೆ.

ಇನ್ನೊಂದು ತಪ್ಪು ಮಾರ್ಜಿನ್‌ನದ್ದು. 150 ಪುಟದವರೆಗಿನ ಪುಸ್ತಕಕ್ಕೆ ಬೈಂಡಿಂಗ್ ಕಡೆ ಕನಿಷ್ಠ 0.375 ಇಂಚು, ಹೊರಗಡೆ 0.25 ಇಂಚು ಬಿಡಬೇಕು. ನಾನು ಕನಿಷ್ಠ ಅಳತೆಯನ್ನೇ ಬಿಟ್ಟಿದ್ದೆ. ಓದುವ ಪುಸ್ತಕಕ್ಕೆ ಅದು ಸಾಕಾಗಬಹುದು. ಬರೆಯುವ ಪುಸ್ತಕಕ್ಕೆ ಸಾಲದು. ಬೈಂಡಿಂಗ್ ಹತ್ತಿರದ ಚೌಕದಲ್ಲಿ ಪೆನ್ ಇಟ್ಟರೆ ಕೈ ಮಧ್ಯದ ತಗ್ಗಿಗೆ ಜಾರುತ್ತದೆ. ಒಳಗಡೆ 0.6 ಇಂಚು ಬಿಟ್ಟ ಮೇಲೆ ಕೈಗೆ ನೆಲೆ ಸಿಕ್ಕಿತು.

ಚೌಕದ ಅಳತೆ ಬಗ್ಗೆ ಒಂದು ಮಾತು. ದಿನಕ್ಕೆ ಎರಡು ಸಲ ಅಂದರೆ ವಾರಕ್ಕೆ 14 ಸಾಲು. ಪುಟದಲ್ಲಿ ಸಿಗುವ ಎತ್ತರ 8.5 ಇಂಚು. ತಲೆಬರಹಕ್ಕೆ ಒಂದೂವರೆ ಇಂಚು ಕಳೆದರೆ 7 ಇಂಚು ಉಳಿಯುತ್ತದೆ. ಸಾಲಿಗೆ ಅರ್ಧ ಇಂಚು. ವಯಸ್ಸಾದವರ ನಡುಗುವ ಕೈಗೆ ಈ ಅರ್ಧ ಇಂಚು ಬೇಕೇ ಬೇಕು. ಪುಟ ತುಂಬಿದಂತೆ ಕಾಣಲಿ ಅಂತ ಇನ್ನೆರಡು ಕಾಲಂ ಸೇರಿಸುವ ಆಸೆ ನನಗೂ ಇತ್ತು. ಬಿಟ್ಟುಬಿಟ್ಟೆ. ಪ್ರಿಂಟ್ ತೆಗೆದ ಹಾಳೆಯಲ್ಲಿ ಒಂದು ವಾರ ನಾನೇ ಬರೆದು ನೋಡಿದಾಗ ಆ ಕಾಲಂಗಳನ್ನು ಒಂದು ದಿನವೂ ಮುಟ್ಟಿರಲಿಲ್ಲ.

ಹೊದಿಕೆಯ ಪಿಡಿಎಫ್‌ನಲ್ಲಿ ಹಿಂಬದಿ, ಬೆನ್ನು, ಮುಂಬದಿ ಮೂರೂ ಒಂದೇ ಹಾಳೆಯಾಗಿ ಬರಬೇಕು. ಬೆನ್ನಿನ ಅಗಲ ಪುಟದ ಸಂಖ್ಯೆಯ ಮೇಲೆ ನಿಂತಿದೆ. ಬಿಳಿ ಕಾಗದಕ್ಕೆ ಪುಟಕ್ಕೆ 0.002252 ಇಂಚು. 108 ಪುಟಕ್ಕೆ ಸುಮಾರು 0.243 ಇಂಚು ಆಯಿತು. ಸುತ್ತಲೂ ಕತ್ತರಿಸಲು 0.125 ಇಂಚು ಬ್ಲೀಡ್ ಸೇರಿಸಿದರೆ ಇಡೀ ಹೊದಿಕೆ 12.493 ಇಂಚು ಅಗಲ, 9.25 ಇಂಚು ಎತ್ತರ. ಈ ಲೆಕ್ಕ ತಲೆನೋವು ಅನಿಸಿದರೆ ಕೆಡಿಪಿಯಲ್ಲೇ ಕ್ಯಾಲ್ಕುಲೇಟರ್ ಇದೆ. ಪುಟದ ಸಂಖ್ಯೆ ಕೊಟ್ಟರೆ ಅಳತೆಯ ಟೆಂಪ್ಲೇಟ್ ಸಿಗುತ್ತದೆ. ಬೆನ್ನಿನ ಮೇಲೆ ಹೆಸರು ಹಾಕಬೇಕಾದರೆ ಕನಿಷ್ಠ 79 ಪುಟ ಇರಬೇಕು. ಹಿಂಬದಿಯ ಕೆಳಗೆ ಬಲಮೂಲೆಯಲ್ಲಿ ಬಾರ್‌ಕೋಡ್‌ಗೆ ಜಾಗ ಬಿಡಿ.

ಯಾವ ಸಾಫ್ಟ್‌ವೇರ್ ಅಂತ ಎಲ್ಲರೂ ಕೇಳುತ್ತಾರೆ. ಪವರ್‌ಪಾಯಿಂಟ್‌ನಲ್ಲೂ ಮಾಡಬಹುದು, ಕ್ಯಾನ್ವಾದಲ್ಲೂ ಮಾಡಬಹುದು, ಇಂಕ್‌ಸ್ಕೇಪ್‌ನಲ್ಲೂ ಮಾಡಬಹುದು. ಅದು ದೊಡ್ಡ ವಿಷಯವೇ ಅಲ್ಲ. ಬಳಸುವ ಫಾಂಟ್ ಮತ್ತು ಚಿತ್ರಕ್ಕೆ ವ್ಯಾಪಾರದ ಲೈಸೆನ್ಸ್ ಇದೆಯೇ ಅನ್ನುವುದು ದೊಡ್ಡ ವಿಷಯ. ಸಿದ್ಧ ಟೆಂಪ್ಲೇಟ್ ಅನ್ನು ಹಾಗೇ ಎತ್ತಿ ಪುಸ್ತಕ ಮಾಡಿದರೆ ಅದೇ ಪುಸ್ತಕವನ್ನು ಇನ್ನೂ ನೂರು ಜನ ಮಾಡಿರುತ್ತಾರೆ.

ಖಾತೆ ಕಳೆದುಕೊಳ್ಳುವ ದಾರಿಗಳು

ಪುಸ್ತಕ ಸೇರಿಸುವಾಗ ಇದು ಲೋ-ಕಂಟೆಂಟ್ ಅನ್ನುವ ಚೌಕಕ್ಕೆ ಟಿಕ್ ಹಾಕಬೇಕು. ಇಂಥ ಪುಸ್ತಕಕ್ಕೆ ಕೆಡಿಪಿಯ ಉಚಿತ ಐಎಸ್‌ಬಿಎನ್, ಅಂದರೆ ಪುಸ್ತಕವನ್ನು ಗುರುತಿಸುವ ಸಂಖ್ಯೆ, ಸಿಗುವುದಿಲ್ಲ. ನಿಮ್ಮದೇ ಐಎಸ್‌ಬಿಎನ್ ಕೊಡಬಹುದು, ಇಲ್ಲದೆಯೂ ಪ್ರಕಟಿಸಬಹುದು. ಇಲ್ಲದಿದ್ದರೆ ಅಮೆಜಾನ್ ಹೊರಗಿನ ಅಂಗಡಿಗಳಿಗೆ ಪುಸ್ತಕ ಹೋಗುವುದಿಲ್ಲ. ಶುರುವಿನಲ್ಲಿ ಅದರಿಂದ ತೊಂದರೆ ಇಲ್ಲ. ಹೆಸರನ್ನು ಮಾತ್ರ ಹತ್ತು ಸಲ ಓದಿ ಕಳಿಸಿ. ಪ್ರಕಟವಾದ ಮೇಲೆ ಪೇಪರ್‌ಬ್ಯಾಕ್‌ನ ಹೆಸರು ಬದಲಾಯಿಸಲು ಬರುವುದಿಲ್ಲ.

ಜನ ಖಾತೆಯನ್ನೇ ಕಳೆದುಕೊಳ್ಳುವುದು ಹೆಚ್ಚಾಗಿ ಟ್ರೇಡ್‌ಮಾರ್ಕ್ ವಿಷಯದಲ್ಲಿ. ತಮಾಷೆಯ ಒಂದು ಸಾಲು, ಸಿನಿಮಾ ಪಾತ್ರದ ಹೆಸರು, ಆಟದ ತಂಡದ ಹೆಸರು, ಇವನ್ನೆಲ್ಲ ಹೊದಿಕೆಗೆ ಹಾಕಿಬಿಡುತ್ತಾರೆ. ಎಷ್ಟೋ ಸಲ ಅದು ಯಾರದೋ ಹಕ್ಕಿನ ಮಾಲು ಅಂತ ಗೊತ್ತೇ ಇರುವುದಿಲ್ಲ. ಬುಲೆಟ್ ಜರ್ನಲ್ (ಚುಟುಕು ಪಟ್ಟಿಗಳಲ್ಲಿ ಬರೆದಿಡುವ ಪದ್ಧತಿ) ಅನ್ನುವ ಮಾತನ್ನೇ ತೆಗೆದುಕೊಳ್ಳಿ. ಎಲ್ಲರ ಬಾಯಲ್ಲೂ ಇದೆ. ಆದರೆ ಅದು ನೋಂದಾಯಿತ ಟ್ರೇಡ್‌ಮಾರ್ಕ್. ಗೊತ್ತಿರುವವರು ತಮ್ಮ ಪುಸ್ತಕಕ್ಕೆ ಡಾಟ್ ಗ್ರಿಡ್ (ಚುಕ್ಕಿ ಸಾಲಿನ) ನೋಟ್‌ಬುಕ್ ಅಂತ ಹೆಸರಿಡುತ್ತಾರೆ. ಅಮೆರಿಕದ ಪೇಟೆಂಟ್ ಮತ್ತು ಟ್ರೇಡ್‌ಮಾರ್ಕ್ ಕಚೇರಿಯ ವೆಬ್‌ಸೈಟ್‌ನಲ್ಲಿ ದುಡ್ಡಿಲ್ಲದೆ ಹುಡುಕಬಹುದು. ಹೆಸರು ಇಡುವ ಮುಂಚೆ ಐದು ನಿಮಿಷ ಅಲ್ಲಿ ಕಳೆಯಿರಿ.

ಎಐ ಬಳಸಿ ಮಾಡಿದ ಚಿತ್ರ ಅಥವಾ ಬರಹ ಇದ್ದರೆ ಅದನ್ನು ಕೆಡಿಪಿಗೆ ಹೇಳಬೇಕು ಅನ್ನುವ ನಿಯಮ 2023ರಿಂದ ಇದೆ. ಮುಚ್ಚಿಡಬೇಡಿ. ಅಮೆರಿಕದ ಹೊರಗಿನವರು ಡಬ್ಲ್ಯು-8ಬೆನ್ ಅನ್ನುವ ತೆರಿಗೆ ಫಾರಂ ತುಂಬಬೇಕು. ಅಮೆರಿಕದ ಮಾರಾಟದ ರಾಯಲ್ಟಿಯಲ್ಲಿ ಸಾಮಾನ್ಯವಾಗಿ ಶೇಕಡ 30 ಅಲ್ಲೇ ಹಿಡಿದುಕೊಳ್ಳುತ್ತಾರೆ. ಎರಡು ದೇಶಗಳ ನಡುವೆ ತೆರಿಗೆ ಒಪ್ಪಂದ ಇದ್ದರೆ ಕಡಿಮೆ ಆಗುತ್ತದೆ. ನಿಮ್ಮ ದೇಶದಲ್ಲಿ ಈ ಆದಾಯ ತೋರಿಸುವುದು ಬೇರೆ ಕೆಲಸ.

ಕಣ್ಣಿಗೆ ಬೀಳುವುದು ಹೇಗೆ

ಕೆಡಿಪಿ ಏಳು ಕೀವರ್ಡ್ ಜಾಗ (ಜನ ಹುಡುಕುವ ಮಾತುಗಳಿಗೆ) ಮತ್ತು ಮೂರು ವಿಭಾಗ ಕೊಡುತ್ತದೆ. ಒಂದೊಂದು ಕೀವರ್ಡ್ ಜಾಗದಲ್ಲಿ 50 ಅಕ್ಷರ ಹಿಡಿಯುತ್ತದೆ. ಅಲ್ಲಿ ನೋಟ್‌ಬುಕ್, ಡೈರಿ ಅಂತ ಒಂಟಿ ಪದ ತುಂಬಿ ಪ್ರಯೋಜನ ಇಲ್ಲ. ಕೊಳ್ಳುವವರ ಬಾಯಲ್ಲಿ ಬರುವ ಮಾತು ಬೇಕು: ವಯಸ್ಸಾದವರಿಗೆ ದೊಡ್ಡ ಅಕ್ಷರದ ಬಿ.ಪಿ. ಪುಸ್ತಕ, ಒಂದು ವರ್ಷದ ದಾಖಲೆ, ಹೀಗೆ. ನೀವು ಮಾರುವ ದೇಶದ ಭಾಷೆಯಲ್ಲಿ ಅದನ್ನು ಬರೆಯಬೇಕು.

ಜಾಹೀರಾತು ಕೊಡುವ ಮುಂಚೆ ಮತ್ತೆ ಲೆಕ್ಕ. ಅಮೆಜಾನ್ ಜಾಹೀರಾತಿನಲ್ಲಿ ಕ್ಲಿಕ್‌ಗೆ ಇಷ್ಟು ಅಂತ ದುಡ್ಡು ಹೋಗುತ್ತದೆ. ಕೊಂಡರೂ ಸರಿ, ಕೊಳ್ಳದಿದ್ದರೂ ಸರಿ. ಒಂದು ಕ್ಲಿಕ್‌ಗೆ 40 ಸೆಂಟ್, ಹತ್ತು ಕ್ಲಿಕ್‌ಗೆ ಒಬ್ಬರು ಕೊಳ್ಳುತ್ತಾರೆ ಅಂದುಕೊಳ್ಳಿ. ಒಂದು ಮಾರಾಟಕ್ಕೆ 4 ಡಾಲರ್ ಖರ್ಚು. 9.99ರ ಪುಸ್ತಕದಲ್ಲಿ ನಮಗೆ ಬರುವುದು 3.69. ಪ್ರತಿ ಪುಸ್ತಕಕ್ಕೂ 31 ಸೆಂಟ್ ಕೈಯಿಂದ ಹೋಯಿತು. ಆರು ಕ್ಲಿಕ್‌ಗೆ ಒಬ್ಬರು ಕೊಂಡರೆ 1.29 ಉಳಿಯುತ್ತದೆ. ಹತ್ತನ್ನು ಆರಕ್ಕೆ ತರುವುದು ಜಾಹೀರಾತಿನ ಕೆಲಸ ಅಲ್ಲ, ಹೊದಿಕೆ ಮತ್ತು ಒಳಪುಟದ ಕೆಲಸ. 6.99ರ ಪುಸ್ತಕಕ್ಕಂತೂ ಈ ಲೆಕ್ಕ ಕೂಡುವುದೇ ಇಲ್ಲ.

ತಾರೀಖು ಅಚ್ಚಾದ ಪ್ಲಾನರ್‌ಗೆ ಆಯಸ್ಸು ಕಡಿಮೆ. ವರ್ಷದ ಕೊನೆಯ ಮೂರು ತಿಂಗಳು ಹೋಗುತ್ತದೆ, ಜನವರಿ ಕಳೆದರೆ ಕೇಳುವವರಿಲ್ಲ. ಮಾಡುವುದಾದರೆ ಜುಲೈ, ಆಗಸ್ಟ್‌ನಲ್ಲೇ ಹಾಕಿಬಿಡಬೇಕು. ತಾರೀಖಿಲ್ಲದ ಪುಸ್ತಕ ಯಾವ ತಿಂಗಳಲ್ಲಾದರೂ ಹೋಗುತ್ತದೆ. ಮೊದಲ ಪುಸ್ತಕ ಮಾಡುವವರಿಗೆ ನಾನು ತಾರೀಖಿಲ್ಲದ್ದನ್ನೇ ಮಾಡಿ ಅನ್ನುತ್ತೇನೆ.

ಐದು ನಿಮಿಷದಲ್ಲಿ ಪುಸ್ತಕ, ತಿಂಗಳಿಗೆ ಸಾವಿರಾರು ಡಾಲರ್ ಅಂತ ಹೇಳಿ ಕೋರ್ಸ್ ಮಾರುವವರು ಬಹಳ ಜನ ಇದ್ದಾರೆ. ದಯವಿಟ್ಟು ಕೋರ್ಸ್‌ಗೆ ಮೊದಲೇ ದುಡ್ಡು ಕೊಡಬೇಡಿ. ಕೆಡಿಪಿಯ ಸಹಾಯ ಪುಟಗಳಲ್ಲಿ ಅಳತೆ, ನಿಯಮ, ದರ ಎಲ್ಲವೂ ಉಚಿತವಾಗಿ ಇದೆ. ಆ ದುಡ್ಡನ್ನು ಎರಡು ಪ್ರೂಫ್ ಪ್ರತಿ ತರಿಸಲು ಬಳಸಿ. ಒಂದರಲ್ಲಿ ನೀವು ಬರೆಯಿರಿ. ಇನ್ನೊಂದನ್ನು ಅದರ ಅಗತ್ಯ ಇರುವ ಯಾರಿಗಾದರೂ ಕೊಟ್ಟು ಒಂದು ತಿಂಗಳು ಬಿಟ್ಟು ವಾಪಸ್ ತೆಗೆದುಕೊಂಡು ನೋಡಿ. ಯಾವ ಚೌಕ ತುಂಬಿದೆ, ಯಾವುದು ಖಾಲಿ ಉಳಿದಿದೆ, ಎಲ್ಲಿ ಅಂಚಿನಲ್ಲಿ ಸಣ್ಣಗೆ ಏನೋ ಗೀಚಿದ್ದಾರೆ. ಆ ಗೀಚಿದ್ದಕ್ಕೆ ಒಂದು ಜಾಗ ಮಾಡಿಕೊಟ್ಟರೆ ನಿಮ್ಮ ಎರಡನೇ ಆವೃತ್ತಿ ತಯಾರು.

ನನ್ನ 108ನೇ ಪುಟದ ಕಥೆಯೂ ಅದೇ. ಖಾಲಿ ಉಳಿದಿದ್ದ ಆ ಪುಟದಲ್ಲಿ, ಪ್ರೂಫ್ ಬಳಸಿದವರು ತಾವಾಗಿಯೇ ಈಗಿನ ಮಾತ್ರೆಗಳ ಹೆಸರು, ಪ್ರಮಾಣ, ಕೊನೆಯ ವಾರದ ಅಂಕಿಗಳನ್ನು ಬರೆದಿಟ್ಟಿದ್ದರು. ಕೇಳಿದರೆ, ಹೊಸ ಪುಸ್ತಕ ಶುರುಮಾಡುವಾಗ ಬೇಕಾಗುತ್ತದಲ್ವಾ ಅಂದರು. ಈಗ ಆ ಪುಟಕ್ಕೆ ಗೆರೆ ಹಾಕಿದ್ದೇನೆ. ಮೇಲೆ ಒಂದೇ ಸಾಲು: ಮುಂದಿನ ಪುಸ್ತಕಕ್ಕೆ.